ಮೀಸಲು ಚೀಲ

ನಮ್ಮ ಓಣಿಯ ಗೊಲ್ಲಾಳಪ್ಪ ಈಗ ದೇವರ ಕೆಲಸ ಹಿಡಿಯುವುದಿಲ್ಲ. ಬೆಲ್ಟು, ಪಾಕೀಟು, ವಾಚಿನ ಪಟ್ಟಿ, ಹೆಂಗಸರ ಪರ್ಸು, ಚರ್ಮದಲ್ಲಿ ಏನು ಕೇಳಿದರೂ ಬಣ್ಣ ಹಾಕಿ ಹೊಲಿದು ಕೊಡುತ್ತಾನೆ. ಪೂಜಾರಿಗಳು ಅರಿಶಿನದ ಭಂಡಾರ ತುಂಬಿ ಹೆಗಲಿಗೆ ಹಾಕಿಕೊಳ್ಳುವ ಚೀಲ ಅಂದರೆ ಮಾತ್ರ ತಲೆ ಎತ್ತದೆ, ‘ಆಗೂದಿಲ್ರಿ’ ಎಂದುಬಿಡುತ್ತಾನೆ. ಬಂದವರು ಇವನಿಗೆ ಸೊಕ್ಕು ಬಂದಿದೆ ಎಂದು ಗೊಣಗುತ್ತ ಹೋಗುತ್ತಾರೆ. ಅವನು ಸಮಜಾಯಿಷಿ ಕೊಡುವ ಪೈಕಿ ಅಲ್ಲ. ನಾನು ಕೊಡುವ ಪೈಕಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕುಮುದಿನಿ. ಸೊಲ್ಲಾಪುರದ ಒಂದು ಶಾಲೆಯಲ್ಲಿ ಮೂವತ್ತೆರಡು ವರ್ಷ ಕ್ಲಾರ್ಕ್ ಆಗಿದ್ದು ನಿವೃತ್ತಳಾದವಳು. ಹುಟ್ಟಿ ಕಲಿತದ್ದು ಅಕ್ಕಲಕೋಟೆಯಲ್ಲಿ, ಹಾಗಾಗಿ ಕನ್ನಡ ಇನ್ನೂ ಕೈಬಿಟ್ಟಿಲ್ಲ. ನನ್ನ ಮಗಳಿಗೆ ಮಾತ್ರ ಇದನ್ನೆಲ್ಲ ಮರಾಠಿಯಲ್ಲೇ ಹೇಳಬೇಕು. ನನ್ನ ಮನೆಯ ಗೋಡೆಗೆ ಅಂಟಿಕೊಂಡೇ ಗೊಲ್ಲಾಳಪ್ಪನ ಅಂಗಡಿ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ತಗಡಿನ ಮಾಡಿನ ಒಂದು ಖೋಲಿ. ಅವನು ಬಣ್ಣ ಕಲಸುವ ಸ್ಪಿರಿಟ್ಟಿನ ವಾಸನೆ ನನ್ನ ಅಡುಗೆಮನೆಗೆ ಬಂದು ಸಾರಿನಲ್ಲಿ ಕೂರುತ್ತದೆ. ಇದಕ್ಕಾಗಿ ಹನ್ನೊಂದು ವರ್ಷ ಜಗಳವಾಡಿದ್ದೇವೆ.

ಜಗಳದ ನಡುವೆಯೇ ಅವನ ಕೆಲಸ ನೋಡಿದ್ದೇನೆ. ಚರ್ಮವನ್ನು ಸ್ವಲ್ಪ ನೆನೆಸಿ, ಬಣ್ಣವನ್ನು ತೆಳ್ಳಗೆ ಮೂರು ಸಲ ಹಾಕುತ್ತಾನೆ. ನೆರಳಲ್ಲಿ ಎರಡು ದಿನ ಒಣಗಿಸುತ್ತಾನೆ. ಆಮೇಲೆ ಒರೆಸುವ ಕೆಲಸ. ಚರ್ಮ ಕುಡಿಯದೆ ಮೇಲೆಯೇ ಉಳಿದ ಬಣ್ಣದ ಪುಡಿ ಇರುತ್ತದಲ್ಲ, ಅದೆಲ್ಲ ಹೋಗುವ ತನಕ ಬಿಳಿ ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆಯುತ್ತಾನೆ. ನಂತರ ಕೈಗೆ ಹತ್ತಿದಷ್ಟೇ ಎಣ್ಣೆ, ಮತ್ತೆ ಒಣಗಿಸುವುದು, ಕೊನೆಗೆ ಬಣ್ಣ ಹಿಡಿದು ನಿಲ್ಲಿಸಲು ಎರಡು ಸಲ ಪಾಲಿಶ್. ಒಂದು ಪರ್ಸಿಗೆ ನನ್ನನ್ನು ಇಪ್ಪತ್ತು ದಿನ ಕಾಯಿಸಿದ ಪುಣ್ಯಾತ್ಮ.

ಇಷ್ಟಾದ ಮೇಲೂ ಅವನಿಗೆ ಸಮಾಧಾನವಿಲ್ಲ. ‘ಒಣಾ ಬಟ್ಟಿಗೆ ಬರಲಾರದ ಬಣ್ಣ ಬೆವರಿಗೆ ಬರ್ತದ್ರಿ ಬಾಯಾರ’ ಎಂದು ನನಗೆ ಹೇಳಿ, ಮಾಡಿದ ವಸ್ತುವನ್ನು ತಾನೇ ಅರ್ಧ ದಿನ ಮೈಮೇಲೆ ಹಾಕಿಕೊಳ್ಳುತ್ತಾನೆ. ಬಿಳಿ ಬನಿಯನ್ನಿನ ಮೇಲೆ ಬೆಲ್ಟು ಬಿಗಿದುಕೊಂಡು ಬಿಸಿಲಲ್ಲಿ ನೀರಿನ ಕೊಡ ಹೊರುತ್ತಾನೆ. ಪರ್ಸಾದರೆ ಕಂಕುಳಲ್ಲಿ ಅವಚಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾನೆ. ಐವತ್ತೆಂಟರ ಗಂಡಸು, ಹುರಿ ಮೀಸೆ, ಕಂಕುಳಲ್ಲಿ ಗುಲಾಬಿ ಬಣ್ಣದ ಪರ್ಸು. ಓಣಿಯವರೆಲ್ಲ ನಗುತ್ತಿದ್ದರು, ನಾನಂತೂ ಎಲ್ಲರಿಗಿಂತ ಜೋರಾಗಿ. ಬನಿಯನ್ನು ಬಿಳಿಯಾಗಿಯೇ ಉಳಿದರೆ ಮಾತ್ರ ವಸ್ತು ಗಿರಾಕಿಗೆ ಹೋಗುತ್ತಿತ್ತು. ಬಣ್ಣ ಬಿಟ್ಟಿತೆಂದು ಯಾರೂ ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ಅವನ ಹುಟ್ಟೂರು ಚಪಳಗಾಂವದ ಆಚೆ ಹೊಲಗಳ ನಡುವೆ ಇರುವ ಒಂದು ವಸ್ತಿ. ಇಪ್ಪತ್ತು ಮನೆ, ಎಲ್ಲ ಕುರಿ ಸಾಕುವವರು, ಕುರಿಗಾರರ ದೇವರಾದ ಬೀರೋಬಾನ ಒಕ್ಕಲು. ಹದಿನೇಳರಲ್ಲಿ ಅವನು ಸೊಲ್ಲಾಪುರಕ್ಕೆ ಬಂದು ಚರ್ಮದ ಕಾರಖಾನೆಯ ಬಣ್ಣದ ಖೋಲಿಗೆ ಸೇರಿಕೊಂಡ. ಕುರಿ ಕಾಯುವವರ ಮಗ ತೊಗಲಿನ ಕೆಲಸಕ್ಕೆ ಹೋದ ಎಂದು ವಸ್ತಿ ಮುಖ ತಿರುಗಿಸಿತು. ಅವನು ಊರಿಗೆ ಹೋದರೆ ಚಹಾ ಬೇರೆ ಕಪ್ಪಿನಲ್ಲಿ ಬರುತ್ತಿತ್ತು. ಹೆತ್ತ ತಾಯಿ ಕೂಡ ಅವನು ಒಯ್ದ ಪೇಡೆಯನ್ನು ಬಾಯಿಗೆ ಹಾಕದೆ ಗೂಡಿನಲ್ಲಿಟ್ಟಳಂತೆ. ಇದನ್ನು ಅವನು ನನಗೆ ಒಂದೇ ಸಲ ಹೇಳಿದ್ದು, ಬೆಲ್ಟಿನ ಅಂಚು ಉಜ್ಜುತ್ತ, ನನ್ನ ಕಡೆ ನೋಡದೆ.

ಹೀಗಿರುವಾಗ ಎರಡು ವರ್ಷದ ಹಿಂದೆ, ಶಿವರಾತ್ರಿ ಮುಗಿದ ವಾರ, ವಸ್ತಿಯ ಬೀರೋಬಾನ ಪೂಜಾರಿ ಧರೆಪ್ಪ ತಾನಾಗಿಯೇ ಅವನ ಅಂಗಡಿ ಹುಡುಕಿಕೊಂಡು ಬಂದ. ಬಿಳಿ ಧೋತರ, ಬಿಳಿ ಅಂಗಿ, ಎತ್ತರದ ಆಳು. ನಾನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಕಿವಿ ಅತ್ತಲೇ ಇತ್ತು.

“ಗೊಲ್ಲಾಳಾ, ಬೀರೋಬಾನ ಹಳೀ ಚೀಲ ಹರದ ಹೋಗೇದ. ಹೊಸಾದು ನೀನ ಹೊಲದ ಕೊಡಬೇಕು ನೋಡಪಾ. ಯುಗಾದಿ ಅಮಾಸಿಗೆ ಹೆಗಲಿಗೆ ಹಾಕ್ಕೋಬೇಕು.”

ಗೊಲ್ಲಾಳಪ್ಪ ಕೈಯಲ್ಲಿದ್ದ ಬೆಲ್ಟನ್ನು ಕೆಳಗಿಟ್ಟ. ಆಮೇಲೆ ಕೇಳಿದ, “ನಾ ಹೊಲದದ್ದು ನಡೀತದೇನ್ರಿ?”

“ನಡೀತದ. ಆದ್ರ ಮೀಸಲ ಇರಬೇಕು. ದೇವರಿಗಿಂತ ಮೊದಲ ಯಾರ ಮೈಮ್ಯಾಲೂ ಬೀಳಬಾರದು.”

ದೇವರಿಗೆ ಮೀಸಲು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೈವೇದ್ಯದ ಅಡುಗೆಗೆ ಉಪ್ಪು ಸರಿಯಿದೆಯೇ ಎಂದು ಬಾಯಿಗೆ ಹಾಕಿ ನೋಡುವಂತಿಲ್ಲ, ಹಾಗೆಯೇ. ನಲವತ್ತು ವರ್ಷದ ಮೇಲೆ ವಸ್ತಿ ಅವನನ್ನು ಒಳಗೆ ಕರೆದಿತ್ತು. ಚರ್ಮ ಮುಟ್ಟಿದ ಕೈಯ ಚೀಲ ದೇವರ ಹೆಗಲಿಗೆ ಏರಲಿತ್ತು. ಆ ಒಂದು ತಿಂಗಳು ಅವನು ಬೇರೆ ಕೆಲಸ ಮುಟ್ಟಲಿಲ್ಲ, ಸ್ನಾನ ಮಾಡದೆ ಖೋಲಿಗೆ ಕಾಲಿಡಲಿಲ್ಲ. ಗಾಢ ಕೆಂಪು ಬಣ್ಣ ಹಾಕಿದ. ದೇವರ ಚೀಲವೆಂದು ಎಣ್ಣೆಯನ್ನೂ ಕೈ ಬಿಚ್ಚಿ ಉಣಿಸಿದ. ಒಣ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿದ, ಬಣ್ಣ ಬರಲಿಲ್ಲ. ಮೈಮೇಲೆ ಮಾತ್ರ ಹಾಕಿಕೊಳ್ಳಲಿಲ್ಲ.

“ಏನ್ರಿ ಗೊಲ್ಲಾಳಪ್ಪ, ಈ ಸಲ ಮೆರವಣಿಗಿ ಇಲ್ಲೇನು?” ಎಂದು ನಾನು ಚೇಷ್ಟೆ ಮಾಡಿದೆ.

“ಮೀಸಲ ಅದರಿ ಬಾಯಾರ,” ಎಂದು ಕೈ ಮುಗಿದ.

ಧರೆಪ್ಪ ಒಯ್ಯಲು ಬಂದಾಗ ಗೊಲ್ಲಾಳಪ್ಪ ಅವನ ಹೆಗಲ ಅಳತೆಯನ್ನು ದಾರದಲ್ಲಿ ತೆಗೆದು ಪಟ್ಟಿಯಲ್ಲಿ ಒಂದು ಗೇಣು ಹೆಚ್ಚಾದದ್ದನ್ನು ಕತ್ತರಿಸಿದ. ಆ ತುಂಡನ್ನು ಎಂದಿನಂತೆ ಡಬ್ಬಿಗೆ ಹಾಕಿಟ್ಟ. ಯಾವ ಕೆಲಸದ ತುಂಡನ್ನೂ ಅವನು ಬಿಸಾಡುವುದಿಲ್ಲ, ಮುಂದೆ ಅದೇ ಬಣ್ಣ ಕಲಸಲು ಬೇಕಾಗುತ್ತದೆಂದು.

ಮುಂದಿನದು ನಮಗೆ ತಿಳಿದದ್ದು ಐದು ತಿಂಗಳ ಮೇಲೆ, ಶ್ರಾವಣದಲ್ಲಿ. ಧರೆಪ್ಪನ ಮಗ ಸಿದ್ದಣ್ಣ ಏನೋ ಕೆಲಸಕ್ಕೆ ಸೊಲ್ಲಾಪುರಕ್ಕೆ ಬಂದವನು ಅಂಗಡಿಗೂ ಬಂದ. ನಾನೂ ಅಲ್ಲೇ ಇದ್ದೆ, ಪರ್ಸಿನ ಚೈನು ಹಾಕಿಸಲು. ಗೊಲ್ಲಾಳಪ್ಪ ಹಿಗ್ಗಿನಿಂದ, “ಚೀಲ ಹೆಂಗ ಅದನೋ?” ಎಂದು ಕೇಳಿದ.

“ಚೀಲ ಬರೋಬರ ಅದರಿ ಕಾಕಾ. ಅದರ ಮ್ಯಾಲನ ದೇವ್ರು ಖೂನ-ಗುರ್ತು ತೋರ್ಸಿದ,” ಎಂದ ಸಿದ್ದಣ್ಣ, ಹವೆಯ ವಿಷಯ ಹೇಳಿದ ಹಾಗೆ.

ನಡೆದದ್ದು ಇಷ್ಟು. ಯುಗಾದಿ ಅಮಾವಾಸ್ಯೆಯಂದು ಧರೆಪ್ಪನ ಮೈಯಲ್ಲಿ ದೇವರು ಬಂದು ವರ್ಷದ ಹೇಳಿಕೆ ಹೇಳುತ್ತಾನೆ. ಬೆಳಗಿನಿಂದ ಬಿಸಿಲಲ್ಲಿ ಡೊಳ್ಳಿನ ಮುಂದೆ ಕುಣಿದು ಬೆವರಿಳಿಯುತ್ತಿದ್ದ ಅವನ ಬಿಳಿ ಧೋತರದ ಮೇಲೆ, ಚೀಲ ತಾಗುವ ಎಡ ಸೊಂಟದಲ್ಲಿ, ಅಂಗೈ ಅಗಲದ ಕೆಂಪು ಕಲೆ ಮೂಡಿತು. ಮೊದಲು ಹೆಂಗಸರು ಕಂಡರು, ಆಮೇಲೆ ಎಲ್ಲರೂ. ಡೊಳ್ಳು ನಿಂತಿತು. ಧರೆಪ್ಪ ಕಲೆಯನ್ನು ನೋಡಿಕೊಂಡ, ನಡುಗಿದ, ಮತ್ತು ದೇವರ ದನಿಯಲ್ಲಿ ಹೇಳಿದ: ಪೂಜಾರಿ ಮನೆಯ ಹೆಣ್ಣು ಹೊರಗಿದ್ದು ಮಡಿಯ ಧೋತರ ಮುಟ್ಟಿದ್ದಾಳೆ, ನೆತ್ತರು ತೋರಿಸಿದ್ದೇನೆ.

ಧರೆಪ್ಪನ ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಹೆಣ್ಣು ಅಂದರೆ ಸಿದ್ದಣ್ಣನ ಹೆಂಡತಿ ಸಪ್ನಾ ಒಬ್ಬಳೇ. ಧೋತರ ಒಗೆದು ಒಣಹಾಕಿದವಳೂ ಅವಳೇ. ತಾನು ಹೊರಗಿರಲಿಲ್ಲ, ಅದು ಮುಟ್ಟಿನ ದಿನವೇ ಅಲ್ಲ ಎಂದು ಅವಳು ಅತ್ತಳಂತೆ. ಅದೇ ದಿನ ಬಿಸಿಲು ಇಳಿಯುವ ಮೊದಲು ಅವಳನ್ನು ತವರಿಗೆ, ಮಂಗಳವೇಢೆ ಕಡೆಯ ನಂದೇಶ್ವರಕ್ಕೆ, ಸಾಗಹಾಕಿದರು.

“ದೀಪಾವಳಿ ಆದ ಮ್ಯಾಲ ಬ್ಯಾರೆ ಹೆಣ್ಣ ನೋಡೂದಂತ ಮಾತ ನಡದದರಿ,” ಎಂದ ಸಿದ್ದಣ್ಣ.

“ನೀ ಏನ ಅಂದ್ಯೋ?” ಎಂದೆ ನಾನು.

“ದೇವ್ರ ಮಾತಿಗೆ ನಾ ಏನ ಅನ್ನಲಿರಿ ಬಾಯಾರ?”

ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಗೊಲ್ಲಾಳಪ್ಪನ ಕಡೆ ನೋಡಿದೆ. ಅವನು ತುಂಡುಗಳ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆಯುತ್ತಿದ್ದ.

ಮರುದಿನ ಮಧ್ಯಾಹ್ನ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಹೊಸ ಬಿಳಿ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಡಬ್ಬಿಯಲ್ಲಿದ್ದ ಆ ಗೇಣುದ್ದದ ಪಟ್ಟಿಯನ್ನು ಬೆಳಗಿನಿಂದ ಎಡ ಸೊಂಟಕ್ಕೆ ಬಿಗಿದುಕೊಂಡು ಬಿಸಿಲಲ್ಲಿ ಕೊಡ ಹೊತ್ತಿದ್ದ. ಪಟ್ಟಿ ಬಿಚ್ಚಿ ತೋರಿಸಿದ. ಅಂಗಿಯ ಮೇಲೆ ಕೆಂಪು ಕಲೆ.

“ಎಣ್ಣಿ ಜಾಸ್ತಿ ಆತ್ರಿ ಬಾಯಾರ. ಎಣ್ಣಿ ಮ್ಯಾಲ ಪಾಲಿಶ್ ಹಿಡೀಲಿಲ್ಲ, ಬಣ್ಣ ಸಡ್ಲ ಆತು. ಅವತ್ತ ಅರ್ಧಾ ದಿನ ಹಾಕ್ಕೊಂಡಿದ್ರ ಗೊತ್ತಾಗ್ತಿತ್ತು. ಆ ಹುಡುಗೀದೇನ ತಪ್ಪಿಲ್ರಿ. ನಂದ.”

ಅವನು ಅಳುತ್ತಿದ್ದ. ನಾನು ಅವನನ್ನು ಒಳಗೆ ಕರೆದು ನೀರು ಕೊಟ್ಟೆ. ನಾಳೆಯೇ ಹೋಗಿ ಎಲ್ಲರೆದುರು ಹೇಳುತ್ತೇನೆ, ಸಪ್ನಾಳನ್ನು ಕರೆಸುತ್ತೇನೆ ಎಂದ. ಹೇಳಿದರೆ ವಸ್ತಿಯ ಬಾಗಿಲು ಮತ್ತೆ ಮುಚ್ಚುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಚಕಾರ ಎತ್ತಲಿಲ್ಲ.

“ನೀವೂ ಬರ್ರಿ ಬಾಯಾರ. ಹೆಣ್ಮಕ್ಕಳ ಮಾತು, ನಾ ಗಂಡಸು ಹೆಂಗ ಬಾಯಿಬಿಟ್ಟ ಹೇಳಲಿ?”

ಹೀಗೆ ನಾನು ಹೊರಟೆ. ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟೆ, ಅಲ್ಲಿಂದ ಹತ್ತು ಜನರ ಜಾಗದಲ್ಲಿ ಹದಿನೆಂಟು ಜನ ತುಂಬುವ ವಡಾಪ್ ಜೀಪಿನಲ್ಲಿ ಚಪಳಗಾಂವ, ಆಮೇಲೆ ತೊಗರಿ ಹೊಲದ ಬದುವಿನ ಮೇಲೆ ನಡಿಗೆ. ಗೊಲ್ಲಾಳಪ್ಪ ದಾರಿಯುದ್ದಕ್ಕೂ ಕಲೆಯ ಅಂಗಿಯನ್ನೂ ಪಟ್ಟಿಯ ತುಂಡನ್ನೂ ಎದೆಗೆ ಅವಚಿಕೊಂಡಿದ್ದ. ತೋರಿಸಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದು ನಂಬಿದ್ದ. ನಾನೂ ನಂಬಿದ್ದೆ ಅನ್ನಿ.

ಗುಡಿಯ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದರು. ಈ ಸಲ ಅವನಿಗೂ ಎಲ್ಲರ ಹಾಗೆಯೇ ಚಹಾ ಬಂತು, ಅವನು ಮುಟ್ಟಲಿಲ್ಲ. ನಿಂತುಕೊಂಡು ತನ್ನ ತಪ್ಪನ್ನು ಒಪ್ಪಿಸಿದ. ಅಂಗಿ ತೋರಿಸಿದ. ಹೆಂಗಸರ ಗುಂಪಿನಲ್ಲಿ ಪಿಸುಮಾತು ಎದ್ದಿತು. ಧರೆಪ್ಪ ಎಲ್ಲವನ್ನೂ ಕೇಳಿದ. ಆಮೇಲೆ ಗುಡಿಯೊಳಗೆ ಹೋಗಿ ಚೀಲ ತಂದು ಕಟ್ಟೆಯ ಮೇಲಿಟ್ಟ.

“ಇದು ದೇವ್ರ ಚೀಲ. ತಿಕ್ಕಿ ತೋರ್ಸು.”

ಗೊಲ್ಲಾಳಪ್ಪ ತಂದಿದ್ದ ಬಿಳಿ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿದ. ಚೀಲದ ಹಿಂಬದಿಯನ್ನು ತಿಕ್ಕಿದ. ಬಟ್ಟೆಗೆ ಅರಿಶಿನ ಹತ್ತಿತು, ಅಷ್ಟೇ. ಪಟ್ಟಿ ತಿಕ್ಕಿದ. ಮೂಲೆ ತಿಕ್ಕಿದ. ತನ್ನ ಕುತ್ತಿಗೆಯ ಬೆವರನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ತಿಕ್ಕಿದ. ಕೆಂಪು ಎಂಬುದು ಒಂದು ಚುಕ್ಕೆಯೂ ಬರಲಿಲ್ಲ. ಅವನ ಕೈ ನಿಂತಾಗ ನನಗೂ ಅರ್ಥವಾಯಿತು. ಸಡಿಲವಿದ್ದ ಬಣ್ಣವೆಲ್ಲ ಮೊದಲ ದಿನಗಳಲ್ಲೇ ಧೋತರಕ್ಕೆ ಹೋಗಿಬಿಟ್ಟಿತ್ತು. ಉಳಿದದ್ದು ಐದು ತಿಂಗಳು ಅರಿಶಿನದಲ್ಲಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಗಟ್ಟಿಯಾಗಿತ್ತು. ಡಬ್ಬಿಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ತುಂಡು ಮಾತ್ರ ಇನ್ನೂ ಬಣ್ಣ ಬಿಡುತ್ತಿತ್ತು.

ಅವನು ಇದನ್ನು ವಿವರಿಸಿ ಹೇಳಿದ. ನಾನು ದನಿ ಏರಿಸಿ ಹೇಳಿದೆ. ಮುದುಕನೊಬ್ಬ, “ತುಂಡ ಬ್ಯಾರೆ, ಚೀಲ ಬ್ಯಾರೆ. ದೇವ್ರಿಗೆ ಮುಟ್ಟಿದ್ದು ಸ್ವಚ್ಛ ಅದ, ನಿನ್ನ ಕೈಯಾಗ ಉಳದದ್ದು ಹೊಲಸ ಅದ,” ಎಂದ. ಎಲ್ಲರೂ ಹೌದು ಹೌದು ಎಂದರು. ಧರೆಪ್ಪ ಚೀಲವನ್ನು ಹಣೆಗೆ ಒತ್ತಿಕೊಂಡು ಒಳಗೆ ಒಯ್ದ. ಸಿದ್ದಣ್ಣ ಕುರಿ ಹಟ್ಟಿಯ ಬೇಲಿಗೆ ಒರಗಿ ನೆಲ ನೋಡುತ್ತಿದ್ದ.

ನಾವು ಹೊರಟಾಗ ಧರೆಪ್ಪ ರಸ್ತೆಯ ತನಕ ಕಳಿಸಲು ಬಂದ. ಜನ ಕಾಣದಷ್ಟು ದೂರ ಬಂದ ಮೇಲೆ ಬದುವಿನ ಮೇಲೆ ನಿಂತ.

“ಗೊಲ್ಲಾಳಾ, ಅಮಾಸಿ ಆಗಿ ಮೂರನೇ ದಿನ ನನ್ನ ಅಂಗೈ ಕೆಂಪಾಗಿತ್ತು. ತೊಳದೆ. ಕೆಂಪ ನೀರ ಹೋತು. ಅವತ್ತ ನನಗ ತಿಳೀತು.”

ಗೊಲ್ಲಾಳಪ್ಪ ಅವನನ್ನೇ ನೋಡಿದ. “ತಿಳದ ಮತ್ತ ಯಾಕ ಸುಮ್ಮ ಕುಂತ್ರಿ?”

“ನಾ ಅಂದದ್ದಾಗಿದ್ರ ತಪ್ಪಾತು ಅಂತಿದ್ದೆ. ನನ್ನ ಮೈಯಾಗ ಬಂದು ದೇವ್ರು ಅಂದದ್ದದು. ಅದು ಸುಳ್ಳು ಅಂದ್ರ, ಮೂವತ್ತ ವರ್ಷ ಹೇಳಿದ್ದೆಲ್ಲಾ ಏನಾತು? ಮಂದಿ ಮಕ್ಕಳ ಲಗ್ನಾ, ಕುರಿ ಯಾವ ದಿಕ್ಕಿಗೆ ಹೊಡೀಬೇಕು ಅನ್ನೂದು, ಎಲ್ಲಾ ನನ್ನ ಮಾತಿನ ಮ್ಯಾಲ ನಡದದ.”

“ಹಂಗಂತ ಒಂದ ಹುಡುಗೀನ್ನ ಜೀವಂತ ಹುಗದ ಬಿಡೂದೇನ್ರಿ?” ಎಂದೆ.

ಅವನು ನನ್ನ ಮುಖ ನೋಡಲಿಲ್ಲ. “ಚಲೋ ಹುಡುಗಿ ಇದ್ಳರಿ,” ಎಂದ, ಸತ್ತವರ ಬಗ್ಗೆ ಹೇಳುವ ಹಾಗೆ. ಆಮೇಲೆ ಗೊಲ್ಲಾಳಪ್ಪನಿಗೆ, “ನೀ ಇನ್ನ ಈ ಕಡಿ ಬರಬ್ಯಾಡ,” ಎಂದು ತಿರುಗಿ ನಡೆದ.

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಇನ್ನು ಬಿಡ್ರಿ, ನಿಮ್ಮ ಕೈಲಾದದ್ದು ಮಾಡಿದಿರಿ ಎಂದು ನಾನು ಅವನನ್ನು ಸಮಾಧಾನಪಡಿಸಲು ನೋಡಿದೆ. ಅವನು ನಂದೇಶ್ವರಕ್ಕೆ ಹೋಗಬೇಕು ಎಂದ. ಸಪ್ನಾಳನ್ನು ಗಂಡನ ಮನೆಗೆ ಸೇರಿಸಲಾಗಲಿಲ್ಲ, ಅದು ಅವಳ ತಪ್ಪಲ್ಲವೆಂದು ಅವಳಿಗಾದರೂ ತಿಳಿಯಲಿ ಎಂದು.

ಎರಡು ದಿನ ಬಿಟ್ಟು ಮಂಗಳವೇಢೆ ದಾರಿಯಾಗಿ ನಂದೇಶ್ವರಕ್ಕೆ ಹೋದೆವು. ಸಪ್ನಾಳ ತಾಯಿ ಸುಗಲಾಬಾಯಿ ಮಣ್ಣಿನ ಮನೆಯ ಬಾಗಿಲಲ್ಲಿ ನಮ್ಮನ್ನು ಅನುಮಾನದಿಂದ ನೋಡಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಎರಡ ತಿಂಗಳ ನಾನ ಬೈದೇನ್ರಿ ಬಾಯಾರ, ಖರೇ ಹೇಳು, ಖರೇ ಹೇಳು ಅಂತ. ಮೊದಲ ಇಲ್ಲ ಅಂತಿದ್ಳು. ಆಮ್ಯಾಲ ದಿನಾ ಕೈಬಟ್ಟ ಮಡಚಿ ಎಣಿಸಿ ಎಣಿಸಿ, ಎವ್ವಾ, ನನ್ನ ಲೆಕ್ಕಾನ ತಪ್ಪಿರಬೇಕು, ದೇವ್ರು ಯಾಕ ಸುಳ್ಳ ಹೇಳ್ತಾನ ಅಂದ್ಳು. ಅವತ್ತಿನಿಂದ ಹೊರಗನ ಕುಂದ್ರತಾಳ. ತಿಂಗಳ ಮೂವತ್ತೂ ದಿನ. ಒಳಗ ಬಾ ಅಂದ್ರ ಬರೂದಿಲ್ಲ, ಯಾರ್ನೂ ಮುಟ್ಟೂದಿಲ್ಲ.”

ಸಪ್ನಾ ಹಿತ್ತಲಲ್ಲಿ, ಗಂಜಿಯ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಇಪ್ಪತ್ತಮೂರು ವರ್ಷವಂತೆ, ನನ್ನ ಕಣ್ಣಿಗೆ ನಲವತ್ತು ಕಂಡಿತು. ಗೊಲ್ಲಾಳಪ್ಪ ಅವಳಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತು ಅಂಗಿಯನ್ನು ಬಿಚ್ಚಿ ಹರಡಿದ. ಅವಳು ಬಹಳ ಹೊತ್ತು ಆ ಕಲೆಯನ್ನು ನೋಡಿದಳು.

“ಹಿಂಗ ಇತ್ರಿ. ಇಷ್ಟ ದೊಡ್ಡದು.”

“ಬಣ್ಣವ್ವಾ ಇದು. ನಾ ಹಾಕಿದ ಬಣ್ಣ. ನಾ ಹಾಕ್ಕೊಂಡ ನೋಡದ ಕೊಟ್ಟೆ, ಮೀಸಲ ಅಂತ. ನಿಂದೇನೂ ತಪ್ಪಿಲ್ಲ. ನೀ ಹೊರಗಿರಲಿಲ್ಲ. ನಿನ್ನ ಲೆಕ್ಕ ಬರೋಬರ ಇತ್ತು ಮಗಳ.” ಅವನು ನೆಲಕ್ಕೆ ಹಣೆ ಹಚ್ಚಿದ.

ಅವಳು ಅಳಲಿಲ್ಲ. ಕೇಳಿದಳು, “ಮಾವಾರಿಗೆ ತೋರ್ಸಿದ್ರೇನು?”

“ತೋರ್ಸಿದೆ.”

“ನಂಬಿದ್ರೇನು?”

ನಂಬಲಿಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಂಬದ ಮಾವನಾದರೆ ಒಂದು ಆಸೆಯಾದರೂ ಉಳಿಯುತ್ತಿತ್ತು. ಗೊಲ್ಲಾಳಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಅವರಿಗೆ ಮೊದಲ ಗೊತ್ತಿತ್ತವ್ವಾ.”

“ಯಾವಾಗಿಂದ?”

“ಅಮಾಸಿ ಆಗಿ ಮೂರನೇ ದಿನದಿಂದ.”

ಸಪ್ನಾ ಬೆರಳು ಮಡಚಿ ಎಣಿಸಿದಳು. “ಹಂಗಾದ್ರ ನಾ ಇಲ್ಲಿ ಬಂದು ಎರಡ ದಿನ ಆಗಿತ್ತಷ್ಟ,” ಎಂದಳು. ಕಲ್ಲಿನಿಂದ ಎದ್ದು ನಿಂತಳು.

ಸುಗಲಾಬಾಯಿ ತಡೆಯಲಾರದೆ ‘ಎವ್ವಾ’ ಎನ್ನುತ್ತ ಎರಡೂ ಕೈ ಚಾಚಿ ಮಗಳ ಕಡೆ ಓಡಿದಳು. ಸಪ್ನಾ ಗಾಬರಿಯಾಗಿ ಸೀರೆಯನ್ನು ಎಳೆದುಕೊಂಡು ಹಿಂದಕ್ಕೆ ಸರಿದಳು.

“ಮುಟ್ಟಬ್ಯಾಡವ್ವಾ,” ಎಂದಳು.